ಹಿಟ್ಟಿನ ಕೋಳಿಯೂ ಹಿತ್ತಿಲ ಕೋಳಿಯೂ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯಲ್ಲಿ ಜನ್ನಕವಿಯ ‘ಯಶೋಧರ ಚರಿತೆ’ಯನ್ನು ಕುರಿತು ತರುಣ ಮಿತ್ರರೊಬ್ಬರು ಉಪನ್ಯಾಸ ಮಾಡಿದರು. ಅವರ ವ್ಯಾಸಂಗವು ಶ್ಲಾಘ್ಯವಾದದ್ದು. ಮಾತಿನಲ್ಲಿ ಓಜಸ್ಸೂ ಇದ್ದಿತು. ಉಪಸಂಹಾರದಲ್ಲಿ ಅವರು ಎತ್ತಿದ ಒಂದು ಆಕ್ಷೇಪವು ಸಭಿಕರಲ್ಲಿ ಬಹುಮಂದಿಗೆ ಒಪ್ಪಿಗೆಯಾದಂತೆ ಕಂಡಿತು. ಒಂದು ಹಿಡಿ ಹಿಟ್ಟಿನ ಬೊಂಬೆಯನ್ನು ಕಡಿದ ಮಾತ್ರಕ್ಕೆ ಧರ್ಮಭೀರುವಾದ ಅರಸನೂ ಅವನ ವೃದ್ಧಮಾತೆಯೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ಹುಟ್ಟಿ ಸಾಯುವುದೆಂದರೆ ಅಪರಾಧಕ್ಕೂ ದಂಡನೆಗೂ ತಾಳೆಯೆಲ್ಲಿ? ಮತಬೋಧೆಯ ಭರದಲ್ಲಿ ಕವಿಯು ಔಚಿತ್ಯವನ್ನು ಮರೆತನಲ್ಲವೆ? ಇದು ಅವರ ಪ್ರಶ್ನೆ.

ಈ ಆಕ್ಷೇಪವು ಇಂದು ಹುಟ್ಟಿದ್ದಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕು ಕನ್ನಡ ಸಂಸ್ಕೃತಗಳನ್ನು ಪಾಠ ಹೇಳಿದ ನಾನೂ ತರಗತಿಯಲ್ಲಿ ಇದನ್ನೇ ಹೇಳುತ್ತಿದ್ದೆನು. ಕಥೆಯಲ್ಲಿ ಅತಿಶಯೋಕ್ತಿ ಹೆಚ್ಚು, ಪದ್ಯಗಳು ಮಾತ್ರ ಮನೋಹರವಾಗಿವೆ ಎಂದು ಮುಗಿಸಿ ಮುಂದಿನ ಪಾಠಕ್ಕೆ ಹೋಗುವುದು ನನ್ನ ಪದ್ಧತಿಯಾಗಿತ್ತು. ಈಗ ಆ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದಿದೆ. ಅದಕ್ಕೆ ಕಾರಣವು ಹೊಸ ಗ್ರಂಥವೊಂದರ ಪರಿಶೀಲನವಲ್ಲ. ಹರಿಹರದಲ್ಲಿ ನಮ್ಮ ಮನೆಯ ಹಿತ್ತಿಲಲ್ಲಿ ಕೆಲವು ವರ್ಷ ಬಾಳಿ ಹೋದ ಮೂರು ಕೋಳಿಗಳು. ವಾಚಕರು ನಗಬಹುದು. ನಗಲಿ, ಆದರೆ ಲೇಖನವನ್ನು ಕೊನೆಯವರೆಗೆ ಓದಿ ಆಮೇಲೆ ನಗಬೇಕೆಂದು ಅರಿಕೆ.

ಕಥೆಯನ್ನು ಬಲ್ಲವರಿಗೂ ಒಮ್ಮೆ ನೆನಪು ಮಾಡಿಕೊಡುವುದು ಲೇಸು. ಜನ್ನನು ಈ ಕಾವ್ಯವನ್ನು ಕ್ರಿ.ಶ. 1209ರಲ್ಲಿ ಬರೆದನು. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ್ದ ಈತನು ಬಲ್ಲಾಳನ ಮಗನಾದ ನರಸಿಂಹನ ಕಾಲದಲ್ಲಿ, 1230ರಲ್ಲಿ, ‘ಅನಂತನಾಥ ಪುರಾಣ’ವನ್ನು ಮುಗಿಸಿದನು. ಅದೇ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ತುಂಗಭದ್ರೆಯ ದಡದಲ್ಲಿ ನಮ್ಮ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದನು. ಎಂದಮೇಲೆ, ನಾವು ಸಂಜೆಯ ಹೊತ್ತು ಒರಗಿ ಕುಳಿತುಕೊಳ್ಳುವ ಆ ಕಂಬಗಳಿಗೂ ಜನ್ನನ ಕಂದಪದ್ಯಗಳಿಗೂ ಹೆಚ್ಚುಕಡಮೆ ಒಂದೇ ವಯಸ್ಸು. ಕಥಾವಸ್ತುವು ಜನ್ನನ ಸ್ವಂತದ್ದಲ್ಲ. ಸೋಮದೇವಸೂರಿಯು 959ರಲ್ಲಿ ಮುಗಿಸಿದ ‘ಯಶಸ್ತಿಲಕ ಚಂಪು’ವಿನಲ್ಲಿಯೂ, ಪುಷ್ಪದಂತನು ಅಪಭ್ರಂಶದಲ್ಲಿಯೂ, ವಾದಿರಾಜನು ಹನ್ನೊಂದನೆಯ ಶತಮಾನದಲ್ಲಿ ಸಂಸ್ಕೃತದಲ್ಲಿಯೂ ಇದನ್ನು ಮೊದಲೇ ಹೇಳಿದ್ದರು. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ವೆಂಬ ನಾಟಕದಲ್ಲಿ ಇದನ್ನೇ ಮತ್ತೆ ಎತ್ತಿಕೊಂಡರು. ಸಾವಿರ ವರ್ಷಗಳ ಕಾಲ ಇಷ್ಟು ಮಂದಿ ಪ್ರತಿಭಾವಂತರನ್ನು ಒಂದು ಹಿಟ್ಟಿನ ಕೋಳಿಯು ಬಿಡದೆ ಕಾಡಿತೆಂದರೆ, ಅದರಲ್ಲಿ ಬರಿಯ ಹಿಟ್ಟಿಗಿಂತ ಹೆಚ್ಚಿನದೇನೋ ಇರಬೇಕಷ್ಟೆ.

ಉಜ್ಜಯಿನಿಯ ಯಶೋಧರನು ತನ್ನ ರಾಣಿಯಾದ ಅಮೃತಮತಿಯು ಕುರೂಪಿಯಾದ ಮಾವಟಿಗನಲ್ಲಿ ಆಸಕ್ತಳಾದುದನ್ನು ಒಂದು ರಾತ್ರಿ ಕಣ್ಣಾರೆ ಕಾಣುತ್ತಾನೆ. ಕೊಲ್ಲಹೋಗಿ ಮನಸ್ಸನ್ನು ಹಿಡಿದು ಹಿಂದಿರುಗುತ್ತಾನೆ. ಮರುದಿನ ಮಗನ ಮುಖ ಬಾಡಿದುದನ್ನು ಕಂಡು ತಾಯಿ ಚಂದ್ರಮತಿಯು ಕಾರಣವನ್ನು ಕೇಳಿದರೆ, ನಿಜವನ್ನು ನುಡಿಯಲಾರದೆ, ಕೆಟ್ಟ ಕನಸನ್ನು ಕಂಡೆನೆನ್ನುತ್ತಾನೆ. ತಾಯಿಯು ದೇವಿಗೆ ಜೀವಬಲಿಯನ್ನು ಕೊಟ್ಟು ಶಾಂತಿ ಮಾಡಿಸಬೇಕೆನ್ನುವಳು, ಮಗನು ಒಲ್ಲೆನೆನ್ನುವನು. ಕಡೆಗೆ ಇಬ್ಬರಿಗೂ ಒಪ್ಪುವಂತೆ ಹಿಟ್ಟಿನಿಂದ ಕೋಳಿಯನ್ನು ಮಾಡಿಸಿ, ಬಣ್ಣ ಹಚ್ಚಿಸಿ, ಅದನ್ನು ಬಲಿಗೊಡುವುದೆಂದು ಗೊತ್ತಾಗುತ್ತದೆ. ಆ ಕೋಳಿಯ ಚೆಲುವಿಗೆ ಮರುಳಾಗಿ ಬೆಂತರವೊಂದು ಅದರಲ್ಲಿ ಸೇರಿಕೊಳ್ಳುವುದು. ಅರಸನ ಕತ್ತಿಯ ಪೆಟ್ಟು ಬಿದ್ದಾಗ ಹಿಟ್ಟಿನ ಕೋಳಿಯು ಕೂಗಿಕೊಳ್ಳುತ್ತದೆ. ಮುಂದೆ ರಾಣಿಯಿಕ್ಕಿದ ವಿಷದಿಂದ ತಾಯಿಮಕ್ಕಳ ಮರಣ. ನವಿಲು ನಾಯಿಗಳಿಂದ ಮೊದಲ್ಗೊಂಡು ಒಂದಾದಮೇಲೊಂದು ತಿರ್ಯಗ್ಜನ್ಮ. ಕಟ್ಟಕಡೆಯಲ್ಲಿ ಇಬ್ಬರೂ ಕೋಳಿಗಳಾಗಿಯೇ ಹುಟ್ಟುತ್ತಾರೆ.

ಇನ್ನು ನನ್ನ ಕೋಳಿಗಳ ವಿಚಾರ. ನಮ್ಮ ಮನೆತನದಲ್ಲಿ ಕೋಳಿಯ ಸುಳಿವೇ ಇರಲಿಲ್ಲ. ನಾನು ಕೋಳಿಯನ್ನು ಬಲ್ಲೆನೆಂಬುದೆಲ್ಲ ಪಾಠಶಾಲೆಯಲ್ಲಿ, ಅದೂ ವ್ಯಾಕರಣದ ಮೂಲಕ. ಪಾಣಿನಿಯು ಸ್ವರಗಳ ಹ್ರಸ್ವ, ದೀರ್ಘ, ಪ್ಲುತ ಭೇದಗಳನ್ನು ಹೇಳುವಲ್ಲಿ ಉಕಾರವನ್ನೇ ಆರಿಸಿಕೊಂಡುದೇಕೆಂದರೆ, ಕೋಳಿಯ ಕೂಗಿನಲ್ಲಿ ಆ ಮೂರೂ ಕ್ರಮವಾಗಿ ಕೇಳಿಬರುವುದರಿಂದ ಎಂದು ನಮ್ಮ ಗುರುಗಳು ವಿವರಿಸುತ್ತಿದ್ದರು. ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿಯೇ, ಊರಕೋಳಿಯನ್ನು ತಿನ್ನಬಾರದೆಂದು ಹೇಳಿದರೆ ಕಾಡುಕೋಳಿಯನ್ನು ತಿನ್ನಬಹುದೆಂದು ತಾನಾಗಿ ತಿಳಿಯುವುದೆಂಬ ದೃಷ್ಟಾಂತವನ್ನು ಕೊಡುತ್ತಾನೆ. ಅಮರಸಿಂಹನು ಅದಕ್ಕೆ ತಾಮ್ರಚೂಡ, ಚರಣಾಯುಧ ಮೊದಲಾದ ಹೆಸರುಗಳನ್ನು ಹೇಳಿದ್ದಾನೆ. ದಂಡಿಯ ‘ದಶಕುಮಾರಚರಿತ’ದಲ್ಲಿ ಪ್ರಮತಿಯು ನೋಡುವ ಕೋಳಿಯಂಕ ಬೇರೆ ಇದೆ. ಇಷ್ಟೆಲ್ಲವೂ ಕಂಠಸ್ಥವಾಗಿದ್ದರೂ, ಅರುವತ್ತು ತುಂಬುವವರೆಗೆ ಕೋಳಿಯ ಮೈ ಅಷ್ಟು ಬೆಚ್ಚಗಿರುವುದೆಂಬುದು ನನಗೆ ತಿಳಿದಿರಲಿಲ್ಲ.

2018ರಲ್ಲಿ ನನ್ನ ಮೊಮ್ಮಗಳು ದಾವಣಗೆರೆಯ ಸಂತೆಗೆ ತಾಯಿಯೊಡನೆ ಹೋದವಳು ನಾಲ್ಕು ಜವಾರಿ ಕೋಳಿಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದಳು. ನನ್ನ ಮನೆಯವರು, ಈ ವಯಸ್ಸಿನಲ್ಲಿ ಮನೆಗೆ ಇದೊಂದು ಬರಬೇಕಾಗಿತ್ತೇ ಎಂದು ಗೊಣಗಿದರು. ಆದರೆ ರಾತ್ರಿ ಮರಿಗಳಿಗೆ ಚಳಿಯಾದೀತೆಂದು ಹಳೆಯ ಸೀರೆಯನ್ನು ಹರಿದು ಹಾಸಿದವರೂ ಅವರೇ. ಮೂರನೆಯ ರಾತ್ರಿ ಒಂದು ಮರಿ ಸತ್ತಿತು. ಉಳಿದ ಮೂರಕ್ಕೆ ಹುಡುಗಿಯು ಕೆಂಪ, ಚುಕ್ಕಿ, ಬೂದಿ ಎಂದು ಹೆಸರಿಟ್ಟಳು. ಕೆಂಪನು ಹುಂಜ, ಮಿಕ್ಕೆರಡು ಹೇಂಟೆಗಳು.

ದಿನಚರಿಯನ್ನು ವರ್ಣಿಸಿ ವಾಚಕರ ತಾಳ್ಮೆಯನ್ನು ಪರೀಕ್ಷಿಸಲಾರೆನು. ಎರಡು ಮೂರು ಸಂಗತಿಗಳನ್ನು ಮಾತ್ರ ಹೇಳುವೆನು. ಬೆಳಗ್ಗೆ ಬಿದಿರಿನ ಪುಟ್ಟಿಯನ್ನೆತ್ತಿದೊಡನೆ ಮೂರೂ ಹೊರಗೆ ಬಂದು ಒಮ್ಮೆ ರೆಕ್ಕೆ ಬಡಿದು ಮೈಮುರಿಯುವುವು. ನಮ್ಮ ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ; ಹಿಡಿ ನುಚ್ಚನ್ನು ಎರಚಿದರೆ ಕೆಂಪನು ಕಾಳನ್ನು ಕೊಕ್ಕಿನಿಂದ ಎತ್ತಿ ಎತ್ತಿ ಕೆಳಕ್ಕೆ ಹಾಕುತ್ತ, ಕುಟುಕುಟು ಎಂದು ಹೇಂಟೆಗಳನ್ನು ಕರೆದು, ಅವು ಬಂದು ತಿಂದಮೇಲೆ ತಾನು ತಿನ್ನುವನು. ಮನುಷ್ಯನು ಕೋಳಿಯಿಂದ ನಾಲ್ಕು ಗುಣಗಳನ್ನು ಕಲಿಯಬೇಕು, ಅವುಗಳಲ್ಲಿ ಬಂಧುಗಳೊಡನೆ ಹಂಚಿಕೊಂಡು ಉಣ್ಣುವುದೂ ಒಂದು ಎಂದು ಚಾಣಕ್ಯನ ಹೆಸರಿನ ನೀತಿಗ್ರಂಥವು ಹೇಳುವುದನ್ನು ಎಷ್ಟೋ ವರ್ಷ ಪಾಠ ಮಾಡಿದ್ದೆನು, ಕಂಡದ್ದು ಅಂದು. ಮಧ್ಯಾಹ್ನ ನುಗ್ಗೆಯ ಮರದಡಿಯಲ್ಲಿ ಗುಳಿ ತೋಡಿ ಮೈಯೆಲ್ಲ ಮಣ್ಣೆರಚಿಕೊಂಡು ಅವು ಮಾಡುವ ಧೂಳುಸ್ನಾನವು ನಮ್ಮ ಅಭ್ಯಂಜನಕ್ಕಿಂತ ಶ್ರದ್ಧೆಯುಳ್ಳದ್ದು. ಚುಕ್ಕಿಯು ಕಾವಿಗೆ ಕುಳಿತಾಗ ಇಪ್ಪತ್ತೊಂದು ದಿನ ದಿನಕ್ಕೊಮ್ಮೆ ಮಾತ್ರ ಎದ್ದು ಅವಸರದಲ್ಲಿ ನಾಲ್ಕು ಕಾಳನ್ನು ನುಂಗಿ ಮತ್ತೆ ಹೋಗಿ ಕುಳಿತುಕೊಳ್ಳುತ್ತಿದ್ದಳು. ಯಾವ ವ್ರತಸ್ಥೆಯೂ ಅಷ್ಟು ಕಟ್ಟುನಿಟ್ಟಾಗಿರುವುದನ್ನು ನಾನು ಕಂಡಿಲ್ಲ. ಮೊಟ್ಟೆಯೊಡೆಯುವುದಕ್ಕೆ ಮುನ್ನವೇ ಒಳಗಿನ ಮರಿಯ ದನಿಗೆ ತಾಯಿಯು ಮೆಲ್ಲನೆ ಮರುದನಿಗೊಡುವುದನ್ನು ಮೊಮ್ಮಗಳು ಕಿವಿಯಿಟ್ಟು ಕೇಳಿ ನನ್ನನ್ನೂ ಕರೆದು ಕೇಳಿಸಿದಳು. ಆ ಮರಿಗಳು ಬಲಿತಮೇಲೆ ಕೋಳಿ ಸಾಕುವ ಪರಿಚಿತರ ಮನೆಗಳಿಗೆ ಹೋದವು. ಹಿತ್ತಿಲಲ್ಲಿ ಮತ್ತೆ ಮೂರೇ ಉಳಿದವು.

ನಾರ್ವೆಯ ಷೆಲ್ಡೆರುಪ್-ಎಬ್ಬೆ ಎಂಬ ವಿದ್ವಾಂಸನು ಬಾಲ್ಯದಲ್ಲಿಯೇ ಕೋಳಿಗಳನ್ನು ನೋಡಿ ನೋಡಿ, ಅವುಗಳಲ್ಲಿ ಯಾವುದು ಯಾವುದನ್ನು ಕುಕ್ಕಬಹುದೆಂಬ ಮೇಲುಕೀಳಿನ ಕಟ್ಟಳೆಯಿರುವುದನ್ನು ಗುರುತಿಸಿ 1921ರಲ್ಲಿ ಪ್ರಬಂಧವನ್ನು ಬರೆದನು. ಆ ಕಟ್ಟಳೆಯಿರಬೇಕಾದರೆ ಒಂದು ಕೋಳಿಯು ಮತ್ತೊಂದನ್ನು ಇಂಥದೇ ಎಂದು ಗುರುತಿಸಬೇಕು. ಕೋಳಿಗಳಿಗೇ ತಮ್ಮೊಳಗೆ ಇವನು ಕೆಂಪ, ಇವಳು ಚುಕ್ಕಿ ಎಂಬ ತಿಳಿವು ಉಂಟೆಂದಾಯಿತು. ನಾವು ಹೆಸರಿಟ್ಟುದು ಹೊಸದೇನಲ್ಲ. ಮೊದಲೇ ಇದ್ದ ಭೇದಕ್ಕೆ ಒಂದು ಶಬ್ದವನ್ನು ಕೊಟ್ಟೆವು, ಅಷ್ಟೆ.

ಇಷ್ಟನ್ನು ಕಂಡಮೇಲೆ ‘ಯಶೋಧರ ಚರಿತೆ’ಯನ್ನು ಮತ್ತೆ ತೆರೆದೆನು. ಮೊದಲು ಕಣ್ಣಿಗೆ ಬೀಳದಿದ್ದ ಒಂದು ವಿಷಯವು ಈಗ ಎದ್ದು ಕಂಡಿತು. ಯಶೋಧರನು ಹಿಟ್ಟಿನ ಮುದ್ದೆಯನ್ನು ಕಡಿಯಲಿಲ್ಲ. ಮುದ್ದೆಯನ್ನು ಕಡಿಯುವುದಾಗಿದ್ದರೆ ಬಣ್ಣವೇಕೆ? ಚೆಲುವೇಕೆ? ದೇವಿಯು ಒಪ್ಪುವಷ್ಟು ಅದು ಕೋಳಿಯಾಗಿರಬೇಕು. ತನ್ನ ಮನಸ್ಸು ಒಪ್ಪುವಷ್ಟು ಅದು ಹಿಟ್ಟಾಗಿರಬೇಕು. ಕೊಂದ ಫಲವು ಬೇಕು. ಕೊಂದ ಪಾಪವು ಬೇಡ. ಒಂದೇ ವಸ್ತುವಿಗೆ ದೇವಿಯ ಮುಂದೆ ಒಂದು ಹೆಸರು, ಅಂತಃಕರಣದ ಮುಂದೆ ಇನ್ನೊಂದು ಹೆಸರು. ಹೀಗೆ ಎರಡು ಹೆಸರಿನ ನಡುವೆ ಬಿರುಕು ಬಿಟ್ಟಲ್ಲಿ ಬೆಂತರವು ಹೊಕ್ಕಿತೆಂಬುದು ಕವಿಯ ಸೂಕ್ಷ್ಮ. ಆಕ್ಷೇಪಕರು ಬೆಂತರದ ಪ್ರವೇಶವನ್ನು ಅಸಂಭಾವ್ಯವೆಂದು ಬದಿಗಿಡುವರು. ನನಗಾದರೋ ಇಡೀ ಕಾವ್ಯದಲ್ಲಿ ಇದಕ್ಕಿಂತ ಸಹಜವಾದ ಸ್ಥಳವಿಲ್ಲವೆಂದು ತೋರುವುದು. ನಾವು ಆಯುಧಪೂಜೆಯಂದು ಬೂದುಗುಂಬಳವನ್ನು ಕೊರೆದು ಕುಂಕುಮವನ್ನು ತುಂಬಿ ಒಡೆಯುವಾಗ, ಅದು ಕುಂಬಳವೆಂದು ನಮಗೆ ನಾವೂ, ಬಲಿಯೆಂದು ದೇವರಿಗೂ ಹೇಳಿಕೊಳ್ಳುವುದಿಲ್ಲವೆ? ಆಚಾರವನ್ನು ಬಿಡಬೇಕೆಂದು ನಾನು ಹೇಳಬಂದವನಲ್ಲ. ಜನ್ನನು ಹಿಡಿದ ಎಳೆಯು ನಮ್ಮ ಮನೆಯ ಹೊಸ್ತಿಲವರೆಗೂ ಬಂದಿದೆಯೆಂದು ತೋರಿಸಿದೆನು.

ಎರಡನೆಯ ವಿಷಯವು ಕೂಗಿಗೆ ಸಂಬಂಧಿಸಿದ್ದು. ಕಾವ್ಯದಲ್ಲಿ ಕೋಳಿಯು ಎರಡು ಸಲ ಕೂಗುತ್ತದೆ. ಮೊದಲನೆಯದು ಹಿಟ್ಟಿನ ಕೋಳಿಯ ಕೂಗು. ಎರಡನೆಯದು ಕಡೆಯ ಜನ್ಮದಲ್ಲಿ. ತಾಯಿಮಕ್ಕಳು ಕೋಳಿಗಳಾಗಿ ಹುಟ್ಟಿ, ಚಂಡಕರ್ಮನೆಂಬ ತಳಾರನ ವಶದಲ್ಲಿ, ಪಂಜರದಲ್ಲಿ ಬೆಳೆಯುತ್ತಾರೆ. ಅವನು ಪಂಜರವನ್ನು ಉದ್ಯಾನಕ್ಕೆ ಕೊಂಡೊಯ್ದಾಗ ಅಲ್ಲಿ ಜೈನಮುನಿಯೊಬ್ಬನ ಧರ್ಮೋಪದೇಶವಾಗುತ್ತದೆ. ಅದನ್ನು ಕೇಳಿ ಕೋಳಿಗಳಿಗೆ ಪೂರ್ವಜನ್ಮಸ್ಮರಣೆಯುಂಟಾಗಿ, ಸಂತೋಷದಿಂದ ಕೂಗುತ್ತವೆ. ಯಶೋಧರನ ಮಗನೇ ಆಗಿ ಈಗ ಅರಸನಾಗಿರುವ ಯಶೋಮತಿಯು ಅಲ್ಲಿಯೇ ಸಮೀಪದಲ್ಲಿ ರಾಣಿ ಕುಸುಮಾವಳಿಯೊಡನೆ ಇರುವನು. ಶಬ್ದವೇಧಿಯಲ್ಲಿ ತನಗಿರುವ ಜಾಣ್ಮೆಯನ್ನು ಅವಳಿಗೆ ತೋರಿಸುವುದಕ್ಕಾಗಿ ಆ ದನಿಯತ್ತ ಬಾಣವನ್ನು ಬಿಡುತ್ತಾನೆ. ಎರಡೂ ಸಾಯುತ್ತವೆ, ಸತ್ತು ಆ ರಾಣಿಯ ಗರ್ಭದಲ್ಲಿಯೇ ಅಭಯರುಚಿ, ಅಭಯಮತಿಯೆಂಬ ಅವಳಿಮಕ್ಕಳಾಗಿ ಹುಟ್ಟುತ್ತವೆ.

ಇವೆರಡು ಕೂಗುಗಳನ್ನು ಎದುರುಬದುರಾಗಿ ಇಟ್ಟುನೋಡಬೇಕು. ಮೊದಲನೆಯದರಲ್ಲಿ ಜೀವವಿಲ್ಲದ ಕೋಳಿ; ಕೂಗು ನೋವಿನದು; ಕೇಳಿದವನು ನಡುಗಿದನು. ಎರಡನೆಯದರಲ್ಲಿ ಜೀವವುಳ್ಳ ಕೋಳಿ, ಕೂಗು ಆನಂದದ್ದು, ಕೇಳಿದವನಿಗೆ ಅದು ಗುರಿ ಮಾತ್ರ. ತಂದೆಯು ಹಿಟ್ಟಿನಲ್ಲಿ ಜೀವವಿಲ್ಲವೆಂದುಕೊಂಡನು. ಮಗನು ಜೀವವಿರುವಲ್ಲಿಯೂ ಬರಿಯ ಶಬ್ದವಿದೆಯೆಂದುಕೊಂಡನು. ಒಂದು ತಲೆಮಾರಿನಲ್ಲಿ ನೆಪವಾಗಿದ್ದುದು ಮುಂದಿನ ತಲೆಮಾರಿನಲ್ಲಿ ವಿನೋದವಾಯಿತು. ಪಾಪವು ಹೇಗೆ ಬೆಳೆಯುವುದೆಂಬುದನ್ನು ಇಷ್ಟು ಮಿತವಾದ ಸಾಧನಗಳಿಂದ, ಒಂದು ಹಕ್ಕಿಯ ಎರಡು ಕೂಗುಗಳಿಂದ, ತೋರಿಸಿದ ಕಾವ್ಯವು ಔಚಿತ್ಯವನ್ನು ಮರೆತದ್ದೆಂದು ಹೇಗೆ ಹೇಳೋಣ?

ಇಲ್ಲಿ ನನ್ನ ಮೂರು ಕೋಳಿಗಳ ಅಗಲಿಕೆಯನ್ನು ಹೇಳಬೇಕಾಗಿದೆ. ಮೇಲಿನ ವಿಚಾರಕ್ಕೂ ಅದಕ್ಕೂ ಸಂಬಂಧವಿದೆ. ಬೂದಿಯನ್ನು ಒಂದು ಮುಂಜಾವಿನಲ್ಲಿ ಮುಂಗುಸಿಯು ಹಿಡಿಯಿತು. ಬೇಲಿಯ ಬುಡದಲ್ಲಿ ಒಂದು ಹಿಡಿ ಗರಿಗಳು ಮಾತ್ರ ಉಳಿದಿದ್ದುವು. ಮೊಮ್ಮಗಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ದುಃಖವೇನೋ ದೊಡ್ಡದು, ಆದರೆ ಅದರಲ್ಲಿ ಮುಳ್ಳಿರಲಿಲ್ಲ. ಮುಂಗುಸಿಯು ತನ್ನ ಸ್ವಭಾವದಂತೆ ನಡೆಯಿತು. ಪುಟ್ಟಿಯ ಮೇಲೆ ಇನ್ನೊಂದು ಕಲ್ಲನ್ನು ಹೇರಬೇಕಾಗಿತ್ತೆಂದು ನಾವು ಕಲಿತೆವು.

2020ರ ಮಾರ್ಚಿ ತಿಂಗಳಲ್ಲಿ ನಮ್ಮ ಹರಿಹರ ತಾಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರವು ಕಾಣಿಸಿಕೊಂಡಿತು. ಈ ರೋಗವು ದೃಢಪಟ್ಟ ಸ್ಥಳದ ಸುತ್ತ ಒಂದು ಕಿಲೋಮೀಟರಿನ ಒಳಗಿ‌ನ ಕೋಳಿಗಳನ್ನೆಲ್ಲ ಕೊಂದು ಹೂಳುವುದೂ, ಹತ್ತು ಕಿಲೋಮೀಟರಿನವರೆಗೆ ಕಣ್ಣಿಡುವುದೂ ಸರಕಾರದ ನಿಯಮ. ದೊಡ್ಡ ಫಾರಮ್ಮಿನ ಸಾವಿರ ಕೋಳಿಗಳಿಗೂ ಅಂಗಳದ ಮೂರು ಕೋಳಿಗಳಿಗೂ ಅಲ್ಲಿ ಭೇದವಿಲ್ಲ. ನಮ್ಮ ಮನೆಯು ಆ ವರ್ತುಲದ ಹೊರಗಿದ್ದುದರಿಂದ ಕೆಂಪ ಚುಕ್ಕಿಯರು ಉಳಿದರು. ಆದರೆ ಆ ದಿನಗಳಲ್ಲಿ ನಾನು ರಾತ್ರಿ ಎದ್ದು ಹೋಗಿ ಪುಟ್ಟಿಯೊಳಗೆ ಉಸಿರಾಟವು ಕೇಳುವುದೋ ಎಂದು ಆಲಿಸಿದುದುಂಟು. ಒಂದು ವೇಳೆ ನಮ್ಮ ಬಾಗಿಲಿಗೆ ಸಿಬ್ಬಂದಿಯವರು ಬಂದಿದ್ದರೆ ಸಾಕಿದ ಕೈಯಿಂದಲೇ ಎತ್ತಿಕೊಡಬೇಕಾಗುತ್ತಿತ್ತು. ಕೊಡುತ್ತಿದ್ದೆನು. ಅಂಥ ಕೊಲೆಯನ್ನು ಜನ್ನನ ತಕ್ಕಡಿಯಲ್ಲಿ ತೂಗಿದರೆ ಏನಾದೀತು? ಜೈನಾಚಾರವನ್ನು ವಿವರಿಸುವವರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳುವರು. ಕೊಲ್ಲಬೇಕೆಂದೇ ಬಗೆದು ಮಾಡುವ ಸಂಕಲ್ಪಹಿಂಸೆಯು ಇವುಗಳಲ್ಲಿ ಅತ್ಯಂತ ಹೇಯವಾದದ್ದು. ಊರಿನ ಆರೋಗ್ಯಕ್ಕಾಗಿ, ಇದು ಕೊಲೆಯೇ ಎಂದು ಒಪ್ಪಿಕೊಂಡು, ಹಗಲಿನಲ್ಲಿ, ಲೆಕ್ಕವಿಟ್ಟು, ಪರಿಹಾರವನ್ನು ಕೊಟ್ಟು ಮಾಡುವ ಕೆಲಸವು ಘೋರವಾದರೂ ಅದರಲ್ಲಿ ಎರಡು ಹೆಸರಿಲ್ಲ. ಅಲ್ಲಿ ಬೆಂತರವು ಹೊಗುವುದಕ್ಕೆ ಬಿರುಕಿಲ್ಲವೆಂದು ನನ್ನ ಎಣಿಕೆ.

ನನ್ನ ಬಿರುಕು ಬೇರೆಯ ಕಡೆಯಿತ್ತು. ಕೆಂಪನು ಬಲಿತು ಮೂರು ಗಂಟೆಯ ಜಾವಕ್ಕೇ ಕೂಗತೊಡಗಿದನು. ಹ್ರಸ್ವ ದೀರ್ಘ ಪ್ಲುತಗಳು ನಿಜವಾಗಿಯೂ ಕ್ರಮವಾಗಿ ಬರುವುವೆಂದು ನಾನು ಹಾಸಿಗೆಯಲ್ಲಿಯೇ ಎಣಿಸಿ ಸಂತೋಷಪಟ್ಟೆನು. ನೆರೆಮನೆಯವರಿಗೆ ವ್ಯಾಕರಣದಲ್ಲಿ ಆಸಕ್ತಿಯಿರಲಿಲ್ಲ. ಅವರು ಕಾರ್ಖಾನೆಯ ರಾತ್ರಿಪಾಳಿಯನ್ನು ಮುಗಿಸಿ ಬಂದು ಮಲಗುವವರು. ಅವರ ದೂರು ನ್ಯಾಯವಾದದ್ದೇ. ಎರಡು ಸಲ ಮೆಲ್ಲನೆ ಹೇಳಿದರು. ಮೂರನೆಯ ಸಲ ಕೈಮುಗಿದು ಹೇಳಿದರು. 2021ರ ಯುಗಾದಿಗೆ ಎಂಟು ದಿನ ಮುಂಚೆ, ನದಿಯಾಚೆಯ ಹಳ್ಳಿಯಿಂದ ನಮಗೆ ಜೋಳ ತಂದುಕೊಡುವ ರೈತರನ್ನು ಕರೆಯಿಸಿ, ಈ ಹುಂಜವನ್ನು ಕೊಂಡುಹೋಗಿರೆಂದೆನು. ಅವರು ಕೆಂಪನನ್ನು ಎರಡು ಕೈಯಲ್ಲಿ ಎತ್ತಿ ತೂಗಿನೋಡಿ, “ಮೇಷ್ಟ್ರೇ, ಸಾಕೋದಕ್ಕೋ, ಹಬ್ಬಕ್ಕೋ?” ಎಂದು ಕೇಳಿದರು.

ಅಷ್ಟು ನೇರವಾದ ಪ್ರಶ್ನೆಯನ್ನು ನನ್ನ ಜೀವಮಾನದಲ್ಲಿ ಕೆಲವರೇ ಕೇಳಿರುವರು. ಸಾಕುವುದಕ್ಕೆ ಎಂದಿದ್ದರೆ ಅವರು ಸಾಕುತ್ತಿದ್ದರು, ಅಂಥವರೇ. ಹಬ್ಬಕ್ಕೆ ಎಂದಿದ್ದರೆ ನನ್ನ ಕೈಯಲ್ಲಿ ಕತ್ತಿಯಿರುವುದು ನನಗೇ ಕಾಣುತ್ತಿತ್ತು. ಸಾಕಿರೆಂದು ಕೇಳಿಕೊಂಡರೆ ಅವರಿಗೆ ಭಾರವಾದೀತೆಂಬ ಸಂಕೋಚ ಒಂದು ಕಡೆ, ಕೊಲ್ಲಿರೆನ್ನಲು ನಾಲಗೆ ಬಾರದುದು ಇನ್ನೊಂದು ಕಡೆ. “ಅದು ನಿಮಗೆ ಬಿಟ್ಟದ್ದು” ಎಂದೆನು. ಅವರು ತಲೆದೂಗಿ ಹೊರಟರು. ಸಂಜೆ ಶಾಲೆಯಿಂದ ಬಂದ ಮೊಮ್ಮಗಳು, “ಅಜ್ಜಾ, ಕೆಂಪ ಎಲ್ಲಿ?” ಎಂದಳು. ಹೊಲದ ಮನೆಗೆ ಹೋಗಿದ್ದಾನೆ, ಅಲ್ಲಿ ಅವನಿಗೆ ಓಡಾಡಲು ಬೇಕಾದಷ್ಟು ಸ್ಥಳವಿದೆ ಎಂದು ಹೇಳಿದೆನು. ಹೇಳಿದ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಯಶೋಧರನೂ ಹಿಟ್ಟನ್ನು ಹಿಟ್ಟೆಂದೇ ಕರೆದಿದ್ದನು.

ಮರುದಿನವೂ ಬೆಳಗಾಯಿತು. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಕಾಗುವುದೆಂದು ನಂಬಿದ್ದ ಮುದುಕಿಯ ಕಥೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳಿ ನಗಿಸಿರುವೆವು. ಕೋಳಿಯನ್ನು ಕಂಕುಳಲ್ಲಿರಿಸಿಕೊಂಡು ಅವಳು ಊರು ಬಿಟ್ಟು ಹೋದಳಂತೆ. ಅವಳು ಕೋಳಿಯನ್ನು ಬಿಟ್ಟು ಹೋಗಲಿಲ್ಲವೆಂಬುದನ್ನು ನಾನು ಮೊದಲು ಗಮನಿಸಿರಲಿಲ್ಲ.

ಚುಕ್ಕಿಯು 2023ರ ಚಳಿಗಾಲದಲ್ಲಿ ಮುಪ್ಪಿನಿಂದ ಸತ್ತಳು. ಕೊನೆಯ ಎರಡು ದಿನ ನೀರನ್ನೂ ಮುಟ್ಟದೆ ಕಣ್ಣು ಮುಚ್ಚಿ ಕುಳಿತಿದ್ದಳು. ನನ್ನ ಮನೆಯವರು ಹತ್ತಿಯಿಂದ ಕೊಕ್ಕಿಗೆ ನೀರು ಸವರುತ್ತಿದ್ದರು. ನುಗ್ಗೆಯ ಮರದಡಿ, ಅವಳು ಧೂಳುಸ್ನಾನ ಮಾಡುತ್ತಿದ್ದ ಗುಳಿಯನ್ನೇ ಆಳಮಾಡಿ ಹೂಳಿದೆವು. ಆ ದುಃಖವು ಶುದ್ಧವಾದದ್ದು. ನೆನೆದರೆ ಕಣ್ಣು ತೇವವಾಗುವುದು, ಮನಸ್ಸು ಹಗುರವಾಗುವುದು. ಮೂರು ಅಗಲಿಕೆಗಳಲ್ಲಿ ಇಂದಿಗೂ ನನ್ನನ್ನು ಬೆಳಗಿನ ಜಾವದಲ್ಲಿ ಎಬ್ಬಿಸುವುದು ಒಂದೇ. ಮುಂಗುಸಿಯ ಬಾಯಿಗೆ ಹೋದುದಲ್ಲ, ಮುಪ್ಪಿನಿಂದ ಮಡಿದುದಲ್ಲ, ನಾನು “ನಿಮಗೆ ಬಿಟ್ಟದ್ದು” ಎಂದು ಕೊಟ್ಟದ್ದು.

ಈಗ ಮೊದಲಿನ ಆಕ್ಷೇಪಕ್ಕೆ ಬರೋಣ. ದಂಡನೆಯು ಅಪರಾಧಕ್ಕಿಂತ ಹೆಚ್ಚಾಯಿತೆನ್ನುವವರು ಕಾವ್ಯದ ಹೊರಚೌಕಟ್ಟನ್ನು ನೋಡಬೇಕು. ಈ ಕಥೆಯನ್ನು ಹೇಳುವವನು ಅಭಯರುಚಿ, ಕೇಳುವವನು ಮಾರಿದತ್ತ. ಆ ಮಾರಿದತ್ತನು ಚಂಡಮಾರಿಯ ಜಾತ್ರೆಯಲ್ಲಿ ಲೆಕ್ಕವಿಲ್ಲದಷ್ಟು ಜೀವಗಳನ್ನು ಬಲಿಗೊಡಲು ನಿಂತವನು. ಅಭಯರುಚಿಯನ್ನೂ ಅಭಯಮತಿಯನ್ನೂ ನರಬಲಿಗಾಗಿಯೇ ಹಿಡಿತರಿಸಿದವನು. ಹಿಂಸೆಯ ಗಾತ್ರವೇ ಅಳತೆಗೋಲಾಗಿದ್ದರೆ ಜನ್ಮಾಂತರಗಳ ಸುಳಿಯಲ್ಲಿ ಬೀಳಬೇಕಾದವನು ಅವನು. ಆದರೆ ಅವನು ಕಥೆಯನ್ನು ಕೇಳಿದೊಡನೆ ಕತ್ತಿಯನ್ನಿಳುಹಿ ದೀಕ್ಷೆಯನ್ನು ವಹಿಸುತ್ತಾನೆ. ಒಂದು ಕಥೆಯಷ್ಟು ಹೊತ್ತಿನಲ್ಲಿ ಅವನಿಗೆ ದಾರಿ ಸಿಕ್ಕಿತು. ಹಿಟ್ಟಿನ ಕೋಳಿಯನ್ನು ಕಡಿದವನಿಗೆ ಅಷ್ಟೊಂದು ಜನ್ಮಗಳು ಬೇಕಾದುವು. ಏಕೆಂದರೆ ಮಾರಿದತ್ತನಿಗೆ ತಾನು ಏನು ಮಾಡುತ್ತಿರುವೆನೆಂಬುದು ಗೊತ್ತಿತ್ತು. ಬಿಡು ಎಂದಾಗ ಬಿಡುವುದಕ್ಕೆ ಅವನ ಕೈಯಲ್ಲಿ ಒಂದು ವಸ್ತುವಿತ್ತು. ಯಶೋಧರನು ತನ್ನ ಕೈಯಲ್ಲಿ ಏನೂ ಇಲ್ಲವೆಂದುಕೊಂಡಿದ್ದನು. ಇಲ್ಲದುದನ್ನು ಬಿಡುವುದು ಹೇಗೆ? ಬಲಿಯಾಗುವ ಜೀವಿಗಳ ಒಡಲುಗಳಲ್ಲಿಯೇ ಇದ್ದು, ಕಡೆಗೆ ಕೋಳಿಯ ಒಡಲಿನಲ್ಲಿಯೂ ಇದ್ದು, ಅದು ಏನೆಂಬುದನ್ನು ಮೈಯಾರೆ ಅರಿತಮೇಲೆಯೇ ಅವನಿಗೆ ಬಿಡುಗಡೆ. ಇದು ಬರಿಯ ದಂಡನೆಯೆಂದು ನನಗೆ ಈಗ ತೋರುವುದಿಲ್ಲ, ಇದು ಪಾಠ. ಮಂದಬುದ್ಧಿಯ ವಿದ್ಯಾರ್ಥಿಗೆ ಪಾಠವನ್ನು ಮತ್ತೆ ಮತ್ತೆ ಹೇಳಬೇಕಾಗುವುದೆಂಬುದನ್ನು ಉಪಾಧ್ಯಾಯನಾದ ನಾನು ಬಲ್ಲೆನು.

ಕವಿಯನ್ನು ಇಷ್ಟು ಸಮರ್ಥಿಸಿದಮೇಲೆ ಅವನೊಡನೆ ನನಗಿರುವ ಒಂದು ಭಿನ್ನಾಭಿಪ್ರಾಯವನ್ನೂ ಮರೆಮಾಚಲಾರೆನು. ಬಾಣ ತಗುಲಿ ಕೋಳಿಗಳು ಸತ್ತೊಡನೆ ಜನ್ನನ ಕಥೆಯು ಕುಸುಮಾವಳಿಯ ಗರ್ಭದತ್ತ ತಿರುಗಿಬಿಡುತ್ತದೆ. ತಳಾರನು ಅವುಗಳನ್ನು ಸಾಕಿದವನು. ಹೆಗಲ ಮೇಲೆ ಪಂಜರವನ್ನು ಹೊತ್ತು ತಂದವನಿಗೆ ಬರಿಯ ಪಂಜರವು ಉಳಿಯಿತು. ಅದನ್ನು ಅವನು ಏನು ಮಾಡಿದನು? ಬೆಳಗ್ಗೆ ಕಾಳನ್ನು ಯಾರಿಗೆ ಹಾಕಿದನು? ಆ ಎರಡು ಕೋಳಿಗಳಲ್ಲಿ ಅರಸನೂ ಅರಸನ ತಾಯಿಯೂ ಇದ್ದರೆಂಬ ಕಾರಣದಿಂದಲೇ ಅವುಗಳ ಮರಣಕ್ಕೆ ಕಾವ್ಯದಲ್ಲಿ ಬೆಲೆ. ಒಳಗೆ ಅರಸನಿಲ್ಲದ, ಹಿಂದಣ ಜನ್ಮದ ನೆನಪಿಲ್ಲದ, ಕೋಳಿ ಮಾತ್ರವಾಗಿರುವ ಕೋಳಿಗೆ ಅಲ್ಲಿ ಸ್ಥಳ ಕಡಮೆ. ಎಲ್ಲ ಜೀವಿಗಳಲ್ಲಿಯೂ ಅಂಥದೇ ಆತ್ಮವಿರುವುದೆಂಬುದು ಕವಿಯ ದರ್ಶನದ ತಾತ್ಪರ್ಯವೆಂದು ಉತ್ತರ ಬರಬಹುದು, ಅದನ್ನು ಒಪ್ಪುವೆನು. ಆದರೂ ನುಗ್ಗೆಯ ಮರದಡಿಯಲ್ಲಿ ನಾವು ಹೂಳಿದುದು ಆತ್ಮದ ಸಾಮಾನ್ಯಲಕ್ಷಣವನ್ನಲ್ಲ. ಎಡಗಾಲಿನ ಒಂದು ಬೆರಳು ಸೊಟ್ಟಗಿದ್ದ ಚುಕ್ಕಿಯನ್ನು. ತಳಾರನ ಬರಿಯ ಪಂಜರವನ್ನು ಕುರಿತು ಒಂದೇ ಒಂದು ಕಂದಪದ್ಯವನ್ನು ಕವಿಯು ಬರೆದಿದ್ದರೆ ಅವನ ಅಹಿಂಸೆಗೆ ಇನ್ನಷ್ಟು ರಕ್ತಮಾಂಸಗಳು ತುಂಬುತ್ತಿದ್ದುವೆಂದು ನನ್ನ ನಮ್ರವಾದ ಅಭಿಪ್ರಾಯ.

ಗೋಷ್ಠಿಯು ಮುಗಿದ ಮರುವಾರ ನಾನು ನದಿಯನ್ನು ದಾಟಿ ಆ ರೈತರ ಮನೆಗೆ ಹೋಗಿದ್ದೆನು. ಇಷ್ಟು ವರ್ಷ ಜೋಳದ ಲೆಕ್ಕವನ್ನು ಮಾತ್ರ ಆಡಿದ್ದೆವೇ ಹೊರತು ಕೆಂಪನ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಕೇಳಿದೆನು. ಅವರು ಸಂಕೋಚವಿಲ್ಲದೆ, ಯುಗಾದಿಯ ಮರುದಿನ, ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನೀವು ಸಾಕಿ ಅಂದಿದ್ದರೆ ಸಾಕ್ತಿದ್ವಿ ಮೇಷ್ಟ್ರೇ. ನಮ್ಮ ಮನೆಯಾಕೆಗೆ ಇಟ್ಟುಕೊಳ್ಳೋ ಆಸೆ ಇತ್ತು” ಎಂದರು. ಅವರಲ್ಲಿ ತಪ್ಪಿಲ್ಲ. ಅವರು ಕೋಳಿಯನ್ನು ಕೋಳಿಯೆಂದು ತಿಳಿದು ಕೊಂದರು. ಹಿಟ್ಟೆಂದುಕೊಂಡವನು ನಾನು.

ಮನೆಗೆ ಬಂದು ಮೊಮ್ಮಗಳನ್ನು ಕರೆದು ನಡೆದುದನ್ನು ನಡೆದಂತೆ ಹೇಳಿದೆನು. ಅವಳು ಈಗ ದೊಡ್ಡವಳಾಗಿರುವಳು. ತುಸು ಹೊತ್ತು ಸುಮ್ಮನಿದ್ದು ಎದ್ದು ಹೋದಳು. ಆ ದಿನ ನನ್ನೊಡನೆ ಮತ್ತೆ ಮಾತನಾಡಲಿಲ್ಲ. ಅದು ನ್ಯಾಯವೆಂದೇ ತಿಳಿದಿರುವೆನು.

ನನ್ನ ತರಗತಿಯಲ್ಲಿ ಕುಳಿತು ‘ಯಶೋಧರ ಚರಿತೆ’ಯನ್ನು ಓದಿದ ಅನೇಕರು ಈಗ ದಾವಣಗೆರೆ ಹರಿಹರಗಳಲ್ಲಿ ಗೃಹಸ್ಥರಾಗಿರುವರು, ಕೆಲವರಾದರೂ ಈ ಪತ್ರಿಕೆಯ ಚಂದಾದಾರರು. ಅಪರಾಧಕ್ಕೂ ದಂಡನೆಗೂ ತಾಳೆಯಿಲ್ಲವೆಂದು ನಾನು ಅವರಿಗೆ ಅಂದು ಹೇಳಿದ್ದುದು ತಪ್ಪು. ದಯಮಾಡಿ ಅದನ್ನು ತಿದ್ದಿಕೊಂಡು, ಬಿಡುವಾದಾಗ ಆ ಕಾವ್ಯವನ್ನು ಮತ್ತೊಮ್ಮೆ, ಎರಡು ಕೂಗುಗಳಿಗೂ ಕಿವಿಗೊಟ್ಟು, ಓದಬೇಕೆಂದು ಬೇಡುವೆನು.